ಕಿವಿ ವೈದ್ಯರನ್ನು ಕೇಳಿ: ಚಿಪ್, ಎಐ ಮತ್ತು ನಮ್ಮ ವಿಶ್ವಾಸ (ಕ್ರೈಸ್ತರ ಗುಂಪೊಂದರ ಪ್ರಶ್ನೋತ್ತರ)

ಹಾಸನದ ತಾಯಿ: ಮಗುವಿಗೆ 2 ವರ್ಷ. ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಕಾಕ್ಲಿಯರ್ ಇಂಪ್ಲಾಂಟ್ (ಕೇಳಿಸಲು ಆಪರೇಷನ್ ಮಾಡಿ ಕೂರಿಸುವ ಸಾಧನ) ಹಾಕಿಸಿ ಅಂದಿದ್ದಾರೆ. ಅತ್ತೆಗೆ ಒಂದು ಫಾರ್ವರ್ಡ್ ಬಂದಿದೆ. ಈ ಇಂಪ್ಲಾಂಟ್ ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯ 13ನೇ ಅಧ್ಯಾಯದಲ್ಲಿರುವ, ದೇವರ ವಿರೋಧಿಯಾದ ಮೃಗದ ಗುರುತಂತೆ. ಕಿವಿಗೆ ಬೆಳ್ಳುಳ್ಳಿ ಎಣ್ಣೆ ಬಿಟ್ಟು ಪ್ರಾರ್ಥಿಸಿದರೆ ಸಾಕಂತೆ. ಏನು ಮಾಡಲಿ?

ವೈದ್ಯೆ: ತಡ ಮಾಡಬೇಡಿ ಅಮ್ಮ. ಮಾತು ಕಲಿಯಲು ಮಿದುಳಿಗೆ ಮೊದಲ ಕೆಲವು ವರ್ಷ ತುಂಬಾ ಮುಖ್ಯ. ಆ ಕಾಲ ಕಳೆದ ಮೇಲೆ ಇಂಪ್ಲಾಂಟ್ ಹಾಕಿದರೂ ಮಾತು ಬರುವುದು ಕಷ್ಟ. ಅದರ ತಂತಿ ಹೋಗುವುದು ಒಳಗಿವಿಗೆ, ಮಿದುಳಿಗಲ್ಲ. ಒಳಗಿನ ಭಾಗಕ್ಕೆ ಸ್ವಂತ ಬ್ಯಾಟರಿ ಕೂಡ ಇಲ್ಲ. ಹೊರಗಿನ ಯಂತ್ರ ತೆಗೆದಿಟ್ಟರೆ ಅದು ಕೆಲಸ ಮಾಡುವುದಿಲ್ಲ. ಪ್ರಕಟನೆಯ ಗುರುತು ಮೃಗವನ್ನು ಆರಾಧಿಸುವವರದು. 2 ವರ್ಷದ ಮಗುವಿನ ಮೇಲೆ ಆ ಮಾತು ಹೊರಿಸುವುದು ಅನ್ಯಾಯ. ಮಾರ್ಕ 7ರಲ್ಲಿ ಯೇಸು ಕಿವುಡನ ಕಿವಿಯಲ್ಲಿ ಬೆರಳಿಟ್ಟು ‘ಎಫ್ಫಥಾ’, ಅಂದರೆ ‘ತೆರೆಯಲಿ’, ಅಂದರಲ್ವಾ? ಪ್ರಾರ್ಥಿಸಿ, ಹಣೆಗೆ ಎಣ್ಣೆ ಹಚ್ಚಿ. ಕಿವಿಯೊಳಗೆ ಹಾಕಲೇಬೇಡಿ. ಈ ವಾರವೇ ಮೈಸೂರಿನ ಆಯಿಷ್‌ಗೆ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ಹೋಗಿ. ಆಪರೇಷನ್‌ಗೆ ಮುಂಚೆ ಮಿದುಳು ಪೊರೆಯ ಸೋಂಕು ತಡೆಯಲು ನ್ಯೂಮೊಕಾಕಲ್ ಲಸಿಕೆ ಬೇಕು, ಆಮೇಲೆ ವರ್ಷಗಟ್ಟಲೆ ಮಾತಿನ ತರಬೇತಿ ಬೇಕು. ಇನ್ನೊಂದು ಮಾತು. ಕಿವಿ ಕೇಳಿಸದಿದ್ದರೂ ನಿಮ್ಮ ಮಗು ದೇವರ ಸ್ವರೂಪವೇ. ಈಗಿನಿಂದಲೇ ಸನ್ನೆಯಲ್ಲಿ ಮಾತಾಡಿಸಿ.

ಮಂಗಳೂರಿನ ಸದಸ್ಯ: ಹಾಗಾದರೆ 2024ರಲ್ಲಿ ಮನುಷ್ಯನ ಮಿದುಳಿಗೇ ಹಾಕಿದ ನ್ಯೂರಾಲಿಂಕ್ ಕಂಪನಿಯ ಚಿಪ್ ಸರಿಯಾ?

ವೈದ್ಯೆ: ಕೈಕಾಲು ಸ್ವಾಧೀನ ತಪ್ಪಿದವರಿಗೆ ಆದರೆ ಅದು ಆರೈಕೆ. ಆರೋಗ್ಯವಾಗಿರುವವರು ಉಳಿದವರಿಗಿಂತ ಮೇಲಾಗಲು ಹಾಕಿಸಿಕೊಂಡರೆ ನಾನು ಒಪ್ಪುವುದಿಲ್ಲ. ವಂಶವಾಹಿಗಳ ಚಿಕಿತ್ಸೆ ಬಗ್ಗೆ ವ್ಯಾಟಿಕನ್ 2008ರಲ್ಲೇ ಇಂಥ ಗೆರೆ ಎಳೆದಿದೆ.

ಕೋಲಾರದ ಸದಸ್ಯ: ವ್ಯಾಟಿಕನ್ ಯಾಕೆ? ನಮಗೆ ಬೈಬಲ್ ವಾಕ್ಯ ಸಾಕು.

ಮಂಗಳೂರಿನ ಸದಸ್ಯ: ಕನ್ನಡಕ ಹಾಕಿಕೊಳ್ಳುತ್ತೀರಲ್ಲ, ಅದು ಯಾವ ವಾಕ್ಯದಲ್ಲಿದೆ?

ಕೋಲಾರದ ಸದಸ್ಯ: ಕನ್ನಡಕ ತೆಗೆದಿಡಬಹುದು. ನಾಳೆ ಕೆಲಸ ಬೇಕಾದರೆ ಚಿಪ್ ಹಾಕಿಸಿ ಅಂದರೆ ಬಡವರು ಏನು ಮಾಡಬೇಕು?

ವೈದ್ಯೆ: ಈ ಭಯ ನನಗೂ ಇದೆ. ಅದಕ್ಕೂ ಈ ಮಗುವಿಗೂ ಸಂಬಂಧ ಇಲ್ಲ.

ಉಡುಪಿಯ ಸದಸ್ಯೆ: ಎಐ ಬಳಿ ಪಾಪನಿವೇದನೆ ಮಾಡಬಹುದಾ?

ವೈದ್ಯೆ: ಇಲ್ಲ. ಗುರುಗಳ ಬಳಿ ಹೋಗಿ.

ಬೀದರ್‌ನ ಸದಸ್ಯ: ಎಐಗೆ ಆತ್ಮ ಇದೆಯಾ?

ಮಂಗಳೂರಿನ ಸದಸ್ಯ: ವ್ಯಾಟಿಕನ್ ಎಐ ಬಗ್ಗೆ ಹೊರಡಿಸಿದ 2025ರ ‘ಆಂತಿಕ್ವಾ ಎತ್ ನೋವಾ’ ಟಿಪ್ಪಣಿ ಓದಿ. ಎಐ ಮನುಷ್ಯನ ಬುದ್ಧಿ ಹುಟ್ಟಿಸಿದ್ದು, ಇನ್ನೊಂದು ಮನುಷ್ಯಬುದ್ಧಿಯಲ್ಲ ಅನ್ನುತ್ತದೆ.

ಕೋಲಾರದ ಸದಸ್ಯ: ಮತ್ತೆ ವ್ಯಾಟಿಕನ್! ನಾನು ವೈದ್ಯರನ್ನು ಕೇಳುತ್ತಿದ್ದೇನೆ, ನಿಮ್ಮನ್ನಲ್ಲ.

ಮಂಗಳೂರಿನ ಸದಸ್ಯ: ಕೇಳಿದ್ದು ಬೀದರ್‌ನವರು. ಸುಮ್ನೆ ಓದಿ ನೋಡಿ.

ತುಮಕೂರಿನ ಸದಸ್ಯೆ: ಬೆಳ್ಳುಳ್ಳಿ ಎಣ್ಣೆ ಬಿಸಿ ಮಾಡಿ ಹಾಕಿದರೆ?

ವೈದ್ಯೆ: ಬೇಡ. ಮೇಲೆ ಓದಿ.

ಕೋಲಾರದ ಸದಸ್ಯ: (ಅದೇ ‘ಮೃಗದ ಚಿಪ್’ ಫಾರ್ವರ್ಡ್)

ವೈದ್ಯೆ: ಅಳಿಸಿ, ಈಗಲೇ. ಆ ತಾಯಿ ಇದನ್ನೇ ಓದಿ ಹೆದರಿರುವುದು.

ಬೀದರ್‌ನ ಸದಸ್ಯ: ನನ್ನ ಪ್ರಶ್ನೆಗೆ ವೈದ್ಯರು ಉತ್ತರ ಕೊಡಲಿಲ್ಲ.