ಮಳೆಗಾಲದ ತಾಲೀಮು: ಡಾಕ್ಟರಲ್ಲಿ ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಆದಿತ್ಯವಾರ, ಸಂಜೆ 5ರಿಂದ ಡಾಕ್ಟರು ಗುಂಪಿನಲ್ಲಿ ಇರುತ್ತಾರೆ. ಓಟ, ಸೈಕಲ್, ಈಜು ಮೂರನ್ನೂ ಸೇರಿಸಿ ಟ್ರಯಾಥ್ಲಾನ್ ಮಾಡುವವರಿಗೆ ಜುಲೈ ಅಂದರೆ ರೇಸ್ ಇಲ್ಲದ ಕಾಲ. ಈ ಸಮಯದಲ್ಲಿ ಎಷ್ಟು ಮಾಡಬೇಕು, ಎಂತ ಬಿಡಬೇಕು ಅಂತ ಕೇಳಿ. ಒಬ್ಬರಿಗೆ ಒಂದು ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಉಪ್ಪಳ ಸೈಕಲ್: ಡಾಕ್ಟ್ರೆ, ಮಳೆಯಿಂದಾಗಿ ಮನೆಯೊಳಗೆ ಸೈಕಲನ್ನು ಟ್ರೈನರ್ ಸ್ಟ್ಯಾಂಡಿಗೆ ಹಾಕಿ ನಿಂತಲ್ಲೇ ತುಳಿಯುತ್ತಿದ್ದೇನೆ. ಅರ್ಧ ಗಂಟೆ ಆದ ಮೇಲೆ ಮೊಣಕಾಲಿನ ಎದುರು ಭಾಗ ನೋಯುತ್ತದೆ.

ಡಾಕ್ಟರ್: ಸೀಟು ತಗ್ಗಿನಲ್ಲಿ ಇರಬಹುದು. ಪೆಡಲ್ ಪೂರ್ತಿ ಕೆಳಗೆ ಬಂದಾಗ ಹಿಮ್ಮಡಿಯನ್ನು ಅದರ ಮೇಲೆ ಇಟ್ಟು ನೋಡಿ, ಕಾಲು ನೇರ ಆಗಬೇಕು. ಆಗದಿದ್ದರೆ ಸೀಟನ್ನು ಸ್ವಲ್ಪ ಸ್ವಲ್ಪವೇ ಏರಿಸಿ. ಭಾರದ ಗೇರ್ ಬಿಟ್ಟು ಹಗುರದ್ದರಲ್ಲಿ ಬೇಗ ಬೇಗ ತುಳಿಯಿರಿ. ಎರಡು ವಾರದಲ್ಲಿ ಕಡಿಮೆ ಆಗದಿದ್ದರೆ ಬಂದು ತೋರಿಸಿ.

ಮುಳ್ಳೇರಿಯ 46: ಸರ್, ನನಗೆ ಸಕ್ಕರೆ ಕಾಯಿಲೆ ಉಂಟು, ಮಾತ್ರೆಯಲ್ಲಿದ್ದೇನೆ. ಈ ವಯಸ್ಸಿನಲ್ಲಿ ಶುರು ಮಾಡಬಹುದಾ? ಸಣ್ಣ ರೇಸ್ ಸಾಕು, 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಓಟ ಇರುವಂಥದ್ದು.

ಬೇಕಲ ಕಡಲು: ಮಳೆಗಾಲದಲ್ಲಿ ಕೋಟೆ ಹತ್ತಿರ ಸಮುದ್ರದಲ್ಲಿ ಈಜಬಹುದಾ? ದಡದ ಬದಿಯಲ್ಲೇ.

ಡಾಕ್ಟರ್: ಬೇಡ. ಮಳೆಗಾಲದಲ್ಲಿ ಬಲೆ ಎಳೆಯುವ ಬೋಟುಗಳಿಗೆ ಇರುವ ಟ್ರಾಲಿಂಗ್ ನಿಷೇಧದ 52 ದಿನ ಅಷ್ಟು ದೊಡ್ಡ ಬೋಟುಗಳೇ ದಡದಲ್ಲಿ ಇರುತ್ತವೆ. ಕಡಲು ಒಳಗೆ ಎಳೆಯುವುದು ದಡದ ಬದಿಯಿಂದಲೇ.

ಪೆರ್ಲ ಟ್ರೈ: ಡಾಕ್ಟ್ರೆ, ನನ್ನದು ಸ್ವಲ್ಪ ಉದ್ದ ಉಂಟು, ಕ್ಷಮಿಸಿ. ವಯಸ್ಸು 38, ತೋಟ ನೋಡಿಕೊಳ್ಳುವುದು. ಕಳೆದ ವರ್ಷ ಗೋವಾದಲ್ಲಿ 70.3, ಅಂದರೆ ಅರ್ಧ ಐರನ್‌ಮ್ಯಾನ್ ರೇಸ್, ಮುಗಿಸಿದೆ. 1.9 ಕಿಲೋಮೀಟರ್ ಈಜು, 90 ಸೈಕಲ್, 21.1 ಓಟ. ಆ ತಿಂಗಳುಗಳಲ್ಲಿ ಪ್ರತಿ ದಿನವೂ ಲೆಕ್ಕವೇ ಆಗಿತ್ತು. ಇಷ್ಟು ನಿಮಿಷ, ಇಷ್ಟು ಎದೆಬಡಿತ, ಇಷ್ಟು ಇಡ್ಲಿ. ಈ ಸಲ ಜೂನ್‌ನಿಂದ ವಾಚ್ ಕಟ್ಟುವುದನ್ನೇ ಬಿಟ್ಟಿದ್ದೇನೆ. ಬೆಳಿಗ್ಗೆ ಮಳೆ ಬರುವಾಗಲೇ ಗುಡ್ಡೆ ಹತ್ತಿ ಓಡುತ್ತೇನೆ, ಬಂದು ತೋಟದ ಕೆರೆಗೆ ಹಾರುತ್ತೇನೆ, ಮುಕ್ಕಾಲು ಗಂಟೆ ಆಚೆ ಈಚೆ ಈಜುತ್ತೇನೆ. ಸಣ್ಣವನಿರುವಾಗ ಅಪ್ಪ ಬಾಳೆದಿಂಡು ಕಟ್ಟಿ ಈಜು ಕಲಿಸಿದ್ದು ಅದೇ ಕೆರೆಯಲ್ಲಿ. ಈ ಆಟಕ್ಕೆ ನಾನು ಯಾಕೆ ಬಂದೆ ಅನ್ನುವುದು ರೇಸಿನ ದಿನಕ್ಕಿಂತ ಅಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಪ್ರಶ್ನೆ ಇದು. ಗುರುವಾರದಿಂದ ಎರಡೂ ಮೀನಖಂಡ ಹಿಡಿದುಕೊಂಡಿದೆ. ಗುಡ್ಡೆ ಓಟ ಜಾಸ್ತಿ ಆಯಿತು ಅಂತ ಕಾಣುತ್ತದೆ. ಸ್ವಲ್ಪ ಜ್ವರವೂ ಉಂಟು, ಮಳೆಗೆ ನೆನೆದದ್ದಕ್ಕೆ ಇರಬೇಕು. ಕಾಲಿನಡಿ ಉರುಳಿಸಿ ತಿಕ್ಕುವ ಫೋಮ್ ರೋಲರ್ ಹಾಕಿದರೆ ಸಾಕಾ, ಅಲ್ಲ ಮಂಗಳವಾರದ ಉದ್ದದ ಓಟ ಬಿಡಬೇಕಾ?

ಡಾಕ್ಟರ್: ಜ್ವರ ಎಷ್ಟು? ನಿಧಾನಕ್ಕೆ ಬಂತಾ, ಒಮ್ಮೆಲೇ ಚಳಿ ಹಿಡಿದು ಬಂತಾ? ಕಣ್ಣು ಕೆಂಪಾಗಿದೆಯಾ? ಕಾಲಲ್ಲಿ ಗಾಯ ಉಂಟಾ? ಮಾತ್ರೆ ಎಂತ ತಗೊಂಡಿರಿ? ಎಲ್ಲದಕ್ಕೂ ಉತ್ತರ ಬೇಕು, ಈಗಲೇ.

ಪೆರ್ಲ ಟ್ರೈ: 102. ಗುರುವಾರ ಮಧ್ಯಾಹ್ನ ಒಮ್ಮೆಲೇ ಚಳಿ ಹಿಡಿಯಿತು, ತಲೆನೋವು ಜೋರು. ಕಣ್ಣು ಕೆಂಪಾಗಿದೆ ಅಂತ ಮನೆಯವಳು ಹೇಳಿದಳು, ನೀರಿನಲ್ಲಿ ಕಣ್ಣು ಬಿಟ್ಟದ್ದಕ್ಕೆ ಅಂದುಕೊಂಡೆ. ಹೆಬ್ಬೆರಳಿನ ಬದಿ ಶೂ ತಾಗಿ ಚರ್ಮ ಹೋಗಿದೆ. ಐಬುಪ್ರೊಫೆನ್ ದಿನಕ್ಕೆ ಎರಡು ತಗೊಂಡೆ.

ಕುಂಬಳೆ ಅಕ್ಕ: ಡಾಕ್ಟ್ರೆ, ಮೊಣಕಾಲು ನೋವಿಗೆ ಎಂತ ಮಾಡಬಹುದು? ಸೈಕಲ್ ತುಳಿಯುವಾಗ ಬರುತ್ತದೆ.

ಡಾಕ್ಟರ್: ಮೇಲೆ ಹೇಳಿದ್ದೇನೆ, ಓದಿ.

ಡಾಕ್ಟರ್: ಪೆರ್ಲದವರೆ, ಮಂಗಳವಾರದ ಓಟದ ಮಾತು ಬಿಡಿ. ಇವತ್ತೇ, ಈ ರಾತ್ರಿಯೇ, ಮಲಗಿಸಿಕೊಳ್ಳುವ ಆಸ್ಪತ್ರೆಗೆ ಹೋಗಿ. ನನಗೆ ಇಲಿ ಜ್ವರದ ಸಂಶಯ. ಇಲ್ಲಿ ಮಲಯಾಳದಲ್ಲಿ ಎಲಿಪ್ಪನಿ ಅನ್ನುತ್ತಾರಲ್ಲ, ಅದೇ. ಯಾಕೆ ಅಂತ ಹೇಳುತ್ತೇನೆ. ಗುಡ್ಡೆ ಹತ್ತಿ ಓಡಿದ ನೋವು ಒಂದೆರಡು ದಿನ ಏರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಅದಕ್ಕೆ 102 ಜ್ವರ ಬರುವುದಿಲ್ಲ, ಕಣ್ಣು ಕೆಂಪಾಗುವುದಿಲ್ಲ. ಒಮ್ಮೆಲೇ ಚಳಿಜ್ವರ, ಮುಟ್ಟಿದರೆ ನೋಯುವ ಮೀನಖಂಡ, ಪಿಸರು ಇಲ್ಲದ ಕೆಂಪು ಕಣ್ಣು, ಇದರ ಹಿಂದೆ ಮಳೆಗಾಲದ ಕೆರೆ, ಕಾಲಲ್ಲಿ ಗಾಯ. ಇಷ್ಟೂ ಒಬ್ಬರಲ್ಲೇ ಸೇರಿದರೆ ನಾನು ರಕ್ತದ ವರದಿ ಬರುವ ತನಕ ಕಾಯುವುದಿಲ್ಲ. ಇಲಿಯ ಮೂತ್ರದಲ್ಲಿ ಈ ರೋಗಾಣು ಇರುತ್ತದೆ. ಮಳೆ ನೀರು ಅದನ್ನು ಕೆರೆಗೆ ತರುತ್ತದೆ. ಗಾಯದಿಂದ, ಕಣ್ಣಿನಿಂದ, ಮೂಗು ಬಾಯಿಯಿಂದ ಒಳಗೆ ಹೋಗುತ್ತದೆ. ಸಾಮಾನ್ಯವಾಗಿ 5ರಿಂದ 14 ದಿನದಲ್ಲಿ ಜ್ವರ ಕಾಣಿಸುತ್ತದೆ.

ನಿಮ್ಮ ಆಟದವರಿಗೆ ಇದು ಹೊಸತೂ ಅಲ್ಲ. 1998ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕೆರೆಯಲ್ಲಿ ಈಜಿ ಟ್ರಯಾಥ್ಲಾನ್ ಮಾಡಿದರು. ಮೊದಲು ಜೋರು ಮಳೆ ಬಂದಿತ್ತು. ಆಮೇಲೆ 834 ಸ್ಪರ್ಧಿಗಳನ್ನು ವಿಚಾರಿಸಿದಾಗ 98 ಜನ ಹುಷಾರು ತಪ್ಪಿದ್ದರು, ಕೆಲವರ ರಕ್ತದಲ್ಲಿ ಇದೇ ರೋಗ ಸಿಕ್ಕಿತು. ಎಲ್ಲ ಗಟ್ಟಿಮುಟ್ಟಾದ ಜನವೇ.

ಐಬುಪ್ರೊಫೆನ್ ನಿಲ್ಲಿಸಿ. ಈ ರೋಗ ಮೂತ್ರಪಿಂಡಕ್ಕೆ ಹೋಗುತ್ತದೆ, ಆ ಮಾತ್ರೆಯೂ ಅಲ್ಲಿಗೇ ಪೆಟ್ಟು ಕೊಡುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಕಾಲನ್ನು ತಿಕ್ಕಬೇಡಿ, ರೋಲರ್ ಬೇಡ. ಡಾಕ್ಟರಲ್ಲಿ ಮೊದಲ ಮಾತೇ ಕೆರೆಯಲ್ಲಿ ಈಜಿದ್ದೇನೆ ಅಂತ ಹೇಳಿ, ಅವರು ಕೇಳಲಿ ಅಂತ ಕಾಯಬೇಡಿ. ರಕ್ತದಲ್ಲಿ ಪ್ಲೇಟ್‌ಲೆಟ್, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್, ಕಾಮಾಲೆ ತೋರಿಸುವ ಬಿಲಿರುಬಿನ್ ನೋಡುತ್ತಾರೆ. ಇಲಿ ಜ್ವರದ ರಕ್ತಪರೀಕ್ಷೆ ಮೊದಲ ದಿನಗಳಲ್ಲಿ ನೆಗೆಟಿವ್ ಬರಬಹುದು. ನೆಗೆಟಿವ್ ಬಂತು ಅಂತ ಮನೆಗೆ ಬರಬೇಡಿ. ಮತ್ತೆ, ವಾಚ್ ಬಿಟ್ಟದ್ದು ತಪ್ಪಲ್ಲ. ನಾನು ಅದನ್ನು ಹೇಳುತ್ತಿಲ್ಲ. ರೇಸ್ ಇಲ್ಲದ ಕಾಲ ಇರುವುದೇ ಅದಕ್ಕೆ. ಆದರೆ ಮೈ ಹೇಳುವುದೆಲ್ಲ ತಾಲೀಮಿನ ಸುದ್ದಿಯೇ ಅಂತ ತಿಳಿಯಬೇಡಿ.

ಅಡ್ಯನಡ್ಕ ಮಾವ: *ಫಾರ್ವರ್ಡ್* ಮೀನಖಂಡದ ಸೆಳೆತಕ್ಕೆ ತೆಂಗಿನೆಣ್ಣೆಯಲ್ಲಿ ಕರ್ಪೂರ ಬಿಸಿ ಮಾಡಿ ಚೆನ್ನಾಗಿ ತಿಕ್ಕಿ. ಜ್ವರ ಇದ್ದರೆ ನೆಲನೆಲ್ಲಿ ಕಷಾಯ ಮೂರು ದಿನ ಖಾಲಿ ಹೊಟ್ಟೆಗೆ. ಆಸ್ಪತ್ರೆಗೆ ಹೋಗುವ ಅಗತ್ಯವೇ ಇಲ್ಲ. ಎಲ್ಲರಿಗೂ ಕಳಿಸಿ, ಪುಣ್ಯ ಕಟ್ಟಿಕೊಳ್ಳಿ.

ಡಾಕ್ಟರ್: ಇದನ್ನು ಅಳಿಸಿ. ಈಗಲೇ. ನೆಲನೆಲ್ಲಿ ಬಗ್ಗೆ ನನಗೆ ಜಗಳ ಇಲ್ಲ, ಆ ಮೂರು ದಿನದ ಬಗ್ಗೆ ಜಗಳ. ಈ ರೋಗದಲ್ಲಿ ಮೂರು ದಿನ ಸುಮ್ನೆ ಕಳೆದವರನ್ನು ಕಣ್ಣು ಹಳದಿಯಾಗಿ, ಮೂತ್ರ ನಿಂತು ಕರೆದುಕೊಂಡು ಬರುತ್ತಾರೆ. ನಾನು ನೋಡಿದ್ದೇನೆ.

ಅಡ್ಯನಡ್ಕ ಮಾವ: ನಮ್ಮ ಅಜ್ಜಿಯ ಕಾಲದಲ್ಲಿ ಇದೇ ಮದ್ದು ಡಾಕ್ಟ್ರೆ. ಮತ್ತೆ ಪೆರ್ಲದ ಬದಿಯ ಕೆರೆ, ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಸುರಂಗದ ನೀರಿನದ್ದು. ಕಲ್ಲಿನೊಳಗಿಂದ ಸೋಸಿ ಬರುವ ನೀರು. ಅದರಲ್ಲಿ ರೋಗ ಉಂಟು ಅಂದರೆ ಯಾರು ನಂಬುತ್ತಾರೆ?

ಬದಿಯಡ್ಕ ಕೃಷಿಕ: ಸುರಂಗದ ಬಾಯಲ್ಲಿ ನೀರು ಒಳ್ಳೆಯದೇ ಮಾವ, ನಾವೂ ಅದನ್ನೇ ಕುಡಿಯುವುದು. ಆದರೆ ಕೆರೆಗೆ ಬರುವುದು ಅದೊಂದೇ ಅಲ್ಲ. ಈಗ ತೋಟದ ಕಣಿಗಳ ನೀರೆಲ್ಲ ಅಲ್ಲಿಗೇ ಹರಿಯುತ್ತದೆ. ನಮ್ಮ ಕೊಕ್ಕೋ ಕಾಯಿ ಅರ್ಧಕ್ಕರ್ಧ ಇಲಿ ಕೊರೆದು ಹಾಕಿದೆ. ಅಷ್ಟು ಇಲಿ ಇರುವ ತೋಟದ ನೀರು ಅದು.

ಡಾಕ್ಟರ್: ಬದಿಯಡ್ಕದವರು ಹೇಳಿದ್ದು ಸರಿ.

ಪೈವಳಿಕೆ ವಾಲಿಬಾಲ್: ಒಂದು ಮಾತು ಹೇಳಲಾ? ಇದೆಲ್ಲ ಹಣ ಇದ್ದವರ ಆಟ. ಲಕ್ಷದ ಸೈಕಲ್, ಸಾವಿರಗಟ್ಟಲೆ ಫೀಸು. ನಮ್ಮ ಊರಲ್ಲಿ ಒಂದು ಬಾಲ್, ಒಂದು ನೆಟ್ ಇದ್ದರೆ ಹನ್ನೆರಡು ಜನ ಆಡುತ್ತಾರೆ. ಕಬಡ್ಡಿಗೆ ಅದೂ ಬೇಡ. ಮಳೆಯಲ್ಲಿ ಗುಡ್ಡೆ ಹತ್ತುವುದೇ ಬೇಕಿದ್ದರೆ ಮದ್ದು ಬಿಡುವವರ ಜತೆ ಹೋಗಿ, ಕೊಳೆರೋಗ ಬಂದು ಅಡಿಕೆ ಉದುರುತ್ತಿದೆ, ಜನ ಸಿಗುವುದಿಲ್ಲ.

ಕುಂಬಳೆ ಅಕ್ಕ: ನಾನು ಗೇರ್ ಇಲ್ಲದ ಸೈಕಲ್‌ನಲ್ಲೇ ಶುರು ಮಾಡಿದ್ದು ತಮ್ಮ. 1978ರಲ್ಲಿ ಹವಾಯಿಯಲ್ಲಿ ಮೊದಲ ಐರನ್‌ಮ್ಯಾನ್, ಅಂದರೆ ಭಾರೀ ಉದ್ದದ ಟ್ರಯಾಥ್ಲಾನ್, ಮಾಡುವಾಗ 15 ಜನ ಹೊರಟು 12 ಜನ ಮುಗಿಸಿದ್ದು. ಸುಮ್ನೆ ಯಾರು ಗಟ್ಟಿ ಅಂತ ನೋಡಲು ಹೊರಟವರು. ಹಣ ಆಮೇಲೆ ಬಂದದ್ದು.

ಪೈವಳಿಕೆ ವಾಲಿಬಾಲ್: ಬಂತಲ್ವಾ ಆದರೆ? ಅದನ್ನೇ ಹೇಳುವುದು. ನಮ್ಮ ಮಕ್ಕಳಿಗೆ ಆಡಲು ಬಯಲೇ ಇಲ್ಲ, ಇಲ್ಲಿ ವಾಚ್ ಕಟ್ಟುವುದಾ ಬಿಡುವುದಾ ಅಂತ ಚರ್ಚೆ.

ಕುಂಬಳೆ ಅಕ್ಕ: ಬಯಲು ಇಲ್ಲದ್ದು ನನ್ನ ತಪ್ಪಾ? ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಮನೆ ಕೆಲಸದ ಮೊದಲು ಒಂದು ಗಂಟೆ ನನ್ನದು ಅಂತ ಸಿಗುತ್ತದೆ. ನಿಮ್ಮ ಹನ್ನೆರಡು ಜನರಲ್ಲಿ ಹೆಂಗಸರು ಎಷ್ಟು ಅಂತ ಮೊದಲು ಹೇಳಿ.

ಪೈವಳಿಕೆ ವಾಲಿಬಾಲ್: ಹೆಂಗಸರನ್ನು ಬರಬೇಡಿ ಅಂತ ಯಾರೂ ಹೇಳಲಿಲ್ಲ.

ಕುಂಬಳೆ ಅಕ್ಕ: ಬನ್ನಿ ಅಂತಲೂ ಯಾರೂ ಹೇಳಲಿಲ್ಲ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಡಾಕ್ಟರ ಸಮಯ ಹೋಗುತ್ತಿದೆ.

ಮುಳ್ಳೇರಿಯ 46: ನನ್ನ ಪ್ರಶ್ನೆ ಮೇಲೆ ಉಂಟು ಸರ್.

ಮಂಜೇಶ್ವರ ಈಜು: ಇದು ಆ ಅಮೀಬಾ ಜ್ವರ ಅಲ್ವಾ? 2024ರಲ್ಲಿ ಕೇರಳದಲ್ಲಿ ಕೆರೆಯಲ್ಲಿ ಮಿಂದ ಮಕ್ಕಳು ತೀರಿಹೋದದ್ದು?

ಡಾಕ್ಟರ್: ಅಲ್ಲ, ಅದು ಬೇರೆ. ಅದು ಮೂಗಿನ ಮೂಲಕ ಮಿದುಳಿಗೆ ಹೋಗುವುದು, ನಿಂತ ಬೆಚ್ಚಗಿನ ನೀರಿನಿಂದ. ಕುಡಿದರೆ ಬರುವುದಿಲ್ಲ. ಈಗ ಎರಡನ್ನೂ ಬೆರೆಸಿ ಹೆದರಿಸಬೇಡಿ.

ಬೇಕಲ ಕಡಲು: ಹಾಗಾದರೆ ಇಲಿ ಜ್ವರ ಬಾರದ ಹಾಗೆ ನಾವೆಲ್ಲ ಡಾಕ್ಸಿಸೈಕ್ಲಿನ್ ಅನ್ನುವ ಆ್ಯಂಟಿಬಯಾಟಿಕ್ ಮಾತ್ರೆ ತಗೊಳ್ಳುವುದು ಒಳ್ಳೆಯದಲ್ವಾ? ಮನೆಯಲ್ಲಿ ಒಂದು ಸ್ಟ್ರಿಪ್ ಉಂಟು.

ಡಾಕ್ಟರ್: ಬೇಡ. ಕೆಸರಿನಲ್ಲಿ ಇಳಿದೇ ಕೆಲಸ ಮಾಡಬೇಕಾದವರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಅಂತ ಆರೋಗ್ಯ ಕೇಂದ್ರದಲ್ಲಿ ಕೇಳಿ ತಗೊಳ್ಳುವ ಕ್ರಮ ಉಂಟು. ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಅದು ಆಗುವುದಿಲ್ಲ. ನೀವು ಈಜುವುದು ಸಂತೋಷಕ್ಕೆ. ಮಳೆ ನಿಲ್ಲುವ ತನಕ ಕೆರೆಗೆ ಇಳಿಯದಿದ್ದರೆ ಮಾತ್ರೆಯೇ ಬೇಡ. ಈ ಎರಡು ತಿಂಗಳು ಭುಜ, ಸೊಂಟ, ತೊಡೆಗೆ ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮ ಮಾಡಿ. ಕ್ಲೋರಿನ್ ಹಾಕಿದ ಕೊಳ ಹತ್ತಿರ ಇದ್ದರೆ ಅಲ್ಲಿ ಈಜಿ.

ಸೀತಾಂಗೋಳಿ ಹೊಸಬ: ಮೊಣಕಾಲು ನೋವಿಗೆ ಒಳ್ಳೆ ಎಣ್ಣೆ ಯಾವುದು ಡಾಕ್ಟ್ರೆ?

ಡಾಕ್ಟರ್: ಮೇಲೆ ಓದಿ. ಮೂರನೇ ಸಲ ಇದು.

ಅಡ್ಯನಡ್ಕ ಮಾವ: ಡಾಕ್ಟ್ರಿಗೆ ಸಿಟ್ಟು ಜಾಸ್ತಿ. ಹಿರಿಯರು ಒಂದು ಮಾತು ಹೇಳಿದರೆ ಹೀಗಾ?

ಡಾಕ್ಟರ್: ಹಿರಿಯರು ಅಂತಲೇ ಎರಡನೇ ಸಲ ಕೇಳುತ್ತಿದ್ದೇನೆ, ಆ ಮೆಸೇಜ್ ಇನ್ನೂ ಅಲ್ಲೇ ಉಂಟು. ಯಾರಾದರೂ ಅದನ್ನು ಓದಿ ಇವತ್ತು ಮನೆಯಲ್ಲೇ ಉಳಿದರೆ? ಅಡ್ಮಿನ್, ನೀವೇ ತೆಗೆಯಿರಿ. ಪೆರ್ಲದವರೆ, ಹೊರಟಿರಾ?

ಡಾಕ್ಟರ್: ಪೆರ್ಲದವರೆ?

ಬದಿಯಡ್ಕ ಕೃಷಿಕ: ನನ್ನ ಹತ್ತಿರ ನಂಬರ್ ಉಂಟು, ಫೋನ್ ಮಾಡುತ್ತೇನೆ.

ಅಡ್ಮಿನ್: ಫಾರ್ವರ್ಡ್ ತೆಗೆದಿದ್ದೇನೆ.

ಬದಿಯಡ್ಕ ಕೃಷಿಕ: ಮಾತಾಡಿದೆ. ನಾಳೆ ಬೆಳಿಗ್ಗೆ ನೋಡುವಾ ಅಂತ ಇದ್ದ. ಅವನ ಭಾವನಲ್ಲಿ ಹೇಳಿ ಹೊರಡಿಸಿದ್ದೇನೆ. ಕಾರು ಹೊರಟಾಯಿತು.

ಡಾಕ್ಟರ್: ಉಪಕಾರ ಆಯಿತು.

ಪೆರ್ಲ ಟ್ರೈ: ನಾನು ಇವರ ಭಾವ, ಇವರ ಫೋನಿನಿಂದ ಬರೆಯುತ್ತಿದ್ದೇನೆ. ರಾತ್ರಿ 10ಕ್ಕೆ ಅಡ್ಮಿಟ್ ಮಾಡಿದರು. ಪ್ಲೇಟ್‌ಲೆಟ್ 82 ಸಾವಿರಕ್ಕೆ ಇಳಿದಿದೆ, ಕ್ರಿಯಾಟಿನಿನ್ 1.9ಕ್ಕೆ ಏರಿದೆ. ಇಲಿ ಜ್ವರದ ರಕ್ತಪರೀಕ್ಷೆ ನೆಗೆಟಿವ್. ಆದರೂ ಕೆರೆಯ ವಿಷಯ ಹೇಳಿದ ಮೇಲೆ ಇಂಜೆಕ್ಷನ್ ಶುರು ಮಾಡಿದ್ದಾರೆ. ಮಂಗಳವಾರ ಓಡಬಹುದಾ ಅಂತ ಇವರು ಇನ್ನೂ ಕೇಳುತ್ತಿದ್ದಾರೆ.

ಡಾಕ್ಟರ್: ಇಂಜೆಕ್ಷನ್ ಶುರು ಮಾಡಿದ್ದು ಒಳ್ಳೆಯದಾಯಿತು. ಮಂಗಳವಾರ ಇಲ್ಲ, ಈ ತಿಂಗಳೂ ಇಲ್ಲ. ಯಾವಾಗ ಓಡುವುದು ಅಂತ ಕ್ರಿಯಾಟಿನಿನ್ ಇಳಿದ ಮೇಲೆ ನಾನೇ ಹೇಳುತ್ತೇನೆ. ಭಾವನವರೆ, ನಿಮಗೊಂದು ಕೆಲಸ. ಉಸಿರಾಡಲು ಕಷ್ಟ ಆದರೆ, ಕೆಮ್ಮಿನಲ್ಲಿ ರಕ್ತ ಕಂಡರೆ ಆ ಕ್ಷಣವೇ ನರ್ಸನ್ನು ಕರೆಯಿರಿ. ಮತ್ತೆ ರಾತ್ರಿಯಿಂದ ಬೆಳಗ್ಗಿನ ತನಕ ಮೂತ್ರ ಎಷ್ಟು ಹೋಯಿತು ಅಂತ ಅಳೆದು ಬರೆದಿಡಿ. ಆರು ಗಂಟೆಗೆ ನನಗೆ ಆ ಲೆಕ್ಕ ಕಳಿಸಿ.