ಬೀಗ, ಬೀಗರು, ಬೀಗುವುದು

ಎಲ್ಲರಿಗೂ ನಮಸ್ಕಾರ. ಇದನ್ನು ಬೆರಳಲ್ಲಿ ಕುಟ್ಟುತ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೇ ಬಾಯಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಕೆಲಸ ಮಾಡುತ್ತಲೇ ಕೇಳಿಸಿಕೊಳ್ಳಿ.

ನಿನ್ನೆ ರಾತ್ರಿ ಪುಟ್ಟಿ ಒಂದು ಪ್ರಶ್ನೆ ಹಾಕಿದ್ದಳು. "ಬಾಗಿಲಿಗೆ ಹಾಕುವುದೂ ಬೀಗ. ಅಕ್ಕನ ಮಾವನನ್ನು ಅಪ್ಪ ಕರೆಯುವುದೂ ಬೀಗರೇ ಅಂತ. ಎರಡಕ್ಕೂ ಒಂದೇ ಹೆಸರು ಯಾಕೆ?" ಅಂತ. ಅದಕ್ಕೆ ಭಾವ ಉತ್ತರ ಕೊಟ್ಟಿದ್ದರು: ಮದುವೆ ಅಂದರೆ ಎರಡು ಮನೆಗಳನ್ನು ಸೇರಿಸಿ ಹಾಕಿದ ಬೀಗ, ಅದಕ್ಕೇ ಬೀಗರು ಅಂತ. ಎಲ್ಲರೂ ಚಪ್ಪಾಳೆಯ ಚಿತ್ರ ಹಾಕಿದಿರಿ. ನನಗೂ ಓದಿದಾಗ ಖುಷಿಯಾಯಿತು. ಆದರೆ ಭಾವ, ತಪ್ಪು ತಿಳಿಯಬೇಡಿ, ಅದು ಹಾಗಲ್ಲ. ಮಗು ಇಷ್ಟು ಒಳ್ಳೆಯ ಪ್ರಶ್ನೆ ಕೇಳಿದ್ದಾಳೆ, ಅವಳಿಗೆ ಸರಿಯಾದ ಉತ್ತರವೇ ಸಿಗಬೇಕು ಅಲ್ವಾ?

ಪುಟ್ಟೀ, ಕೇಳು. ಅವು ಎರಡೂ ಒಂದೇ ಮಾತಲ್ಲ. ಬೇರೆ ಬೇರೆ ಕಡೆಯಿಂದ ಬಂದು, ಕನ್ನಡದಲ್ಲಿ ಒಂದೇ ರೂಪಕ್ಕೆ ತಿರುಗಿದ ಎರಡು ಮಾತುಗಳು. ಇನ್ನೊಂದನ್ನು ನೀನು ಮರೆತಿದ್ದೀಯ, ಬೀಗುವುದು. ಪಂದ್ಯ ಗೆದ್ದ ಮಾರನೇ ದಿನ ಪತ್ರಿಕೆಯಲ್ಲಿ ಬರುತ್ತದಲ್ಲ, "ಗೆದ್ದು ಬೀಗಿದರು" ಅಂತ, ಅದು. ಅದೂ ಸೇರಿ ಮೂರು.

ಮೊದಲು ಬಾಗಿಲಿನ ಬೀಗ. ಇದು 'ಬಿಗಿ'ಯ ಮನೆತನದ್ದು. ಹಗ್ಗ ಬಿಗಿ, ಬಿಗಿಯಾಗಿ ಹಿಡಿ, ಬಿಗುವು, ಬಿಗುಮಾನ, ಎಲ್ಲ ಅದೇ ಬಳ್ಳಿಯವು. ಬಿಗಿಯಾಗಿ ಹಿಡಿದುಕೊಳ್ಳುವುದು ಯಾವುದೋ ಅದು ಬೀಗ. 'ಬಿ' ಹೋಗಿ 'ಬೀ' ಹೇಗಾಯಿತು ಅಂತ ಕೇಳಬೇಡ, ಅದು ನಮ್ಮ ಭಾಷೆಯ ಹಳೆಯ ಅಭ್ಯಾಸ. ಕೆಡು, ಅದರಿಂದ ಕೇಡು. ಪಡು, ಅದರಿಂದ ಪಾಡು. ಸುಡು, ಸೂಡು. ಬಿಡು, ಬೀಡು. ದಂಡು ಬೀಡುಬಿಟ್ಟಿತು ಅನ್ನುತ್ತೇವಲ್ಲ, ಆ ಬೀಡು ಎಲ್ಲಿಂದ ಬಂತು ನೋಡು. ಕ್ರಿಯೆಯ ಮೊದಲ ಅಕ್ಷರವನ್ನು ಎಳೆದರೆ ಒಂದು ಹೆಸರು ಸಿಗುತ್ತದೆ. ಇಷ್ಟು ಚಿಕ್ಕ ಉಪಾಯದಲ್ಲಿ ಎಷ್ಟೊಂದು ಮಾತು ಹುಟ್ಟಿಸಿದ್ದಾರೆ ನಮ್ಮ ಹಿಂದಿನವರು! ಇದನ್ನು ನೆನೆದಾಗಲೆಲ್ಲ ನನಗೆ ಕನ್ನಡದ ಮೇಲೆ ಇನ್ನಷ್ಟು ಪ್ರೀತಿ ಬರುತ್ತದೆ. ತೆಲುಗಿನಲ್ಲೂ ಇದು ಇದೆ. ಅಲ್ಲಿ ಬೀಗಮು ಅನ್ನುತ್ತಾರೆ, ಬಿಗಿಯೂ ಇದೆ, ಬಿಗುವೂ ಇದೆ.

ಈಗ ನೆಂಟಸ್ತಿಕೆಯ ಬೀಗ. ಇದರ ಒಳಗಿರುವುದು ಬಿಗಿಯಲ್ಲ, ವಿವಾಹ. ತೆಲುಗಿನಲ್ಲಿ ಬೀಗರಿಗೆ ವಿಯ್ಯಂಕುಡು ಅನ್ನುತ್ತಾರೆ, ಬೀಗಿತಿಗೆ ವಿಯ್ಯಪುರಾಲು. ಮದುವೆಯ ಸಂಬಂಧಕ್ಕೆ ವಿಯ್ಯಮು. ಮರಾಠಿಯಲ್ಲಿ ವ್ಯಾಹಿ, ವಿಹೀಣ. ಎಲ್ಲದರಲ್ಲೂ 'ವಿ' ಕೇಳಿಸುತ್ತಿದೆಯಾ? ಅದು ವಿವಾಹದ ವಿ. ಕನ್ನಡಕ್ಕೆ ಬಂದಾಗ ಆ ವಕಾರ ಬಕಾರ ಆಗುತ್ತದೆ. ಇದೂ ಹೊಸತೇನಲ್ಲ. ವರ್ಣ ನಮ್ಮಲ್ಲಿ ಬಣ್ಣ ಆಯಿತು. ವಾಪಿ ಬಾವಿ ಆಯಿತು. ವೀಥಿ ಬೀದಿ ಆಯಿತು, ವಸತಿ ಬಸದಿ ಆಯಿತು. ಸಂಸ್ಕೃತದಿಂದ ಬಂದವು ಮಾತ್ರ ಅಲ್ಲ, ನಮ್ಮ ಒಡಹುಟ್ಟಿದ ಭಾಷೆ ತಮಿಳಿನ ಪಕ್ಕ ಇಟ್ಟು ನೋಡಿದರೂ ಹೀಗೇ. ಅವರ ವೇರ್ ನಮ್ಮ ಬೇರು, ಅವರ ವಿಲ್ ನಮ್ಮ ಬಿಲ್ಲು, ಅವರ ವೇಲಿ ನಮ್ಮ ಬೇಲಿ.

ಮೂರನೆಯದೂ ಇದೇ ದಾರಿಯಲ್ಲಿ ಬಂದದ್ದು. ತಮಿಳಿನಲ್ಲಿ ವೀಂಗು ಅಂದರೆ ಊದಿಕೊಳ್ಳುವುದು. ಕಾಲು ಊದಿಕೊಂಡರೆ ಅವರು ಇವತ್ತಿಗೂ ಆ ಮಾತನ್ನೇ ಬಳಸುತ್ತಾರೆ. ಅದರ ಕನ್ನಡದ ರೂಪವೇ ಬೀಗು. ನಮ್ಮಲ್ಲಿ ಮೈ ಊದುವುದಕ್ಕೆ ಬಾವು, ಊತ ಅನ್ನುವ ಮಾತುಗಳು ನಿಂತವು. ಬೀಗು ಮಾತ್ರ ಎದೆ ಉಬ್ಬುವುದಕ್ಕೆ, ಹೆಮ್ಮೆಗೆ ಉಳಿಯಿತು.

ಗೊತ್ತಾಯಿತಾ ಪುಟ್ಟೀ? ತೆಲುಗಿನವರಿಗೆ ನಿನ್ನ ಪ್ರಶ್ನೆಯೇ ಬರುವುದಿಲ್ಲ. ಅವರಿಗೆ ಬೀಗಮು ಬೇರೆ, ವಿಯ್ಯಂಕುಡು ಬೇರೆ. ತಮಿಳಿನವರಿಗೂ ಇಲ್ಲ, ಅವರು ಬೀಗರಿಗೆ ಸಂಬಂದಿ ಅಂದುಬಿಡುತ್ತಾರೆ. ಹೀಗೆ ನಮ್ಮಲ್ಲಿ ಕಲಸಿಹೋದದ್ದು ಪಕ್ಕದ ಭಾಷೆಯಲ್ಲಿ ಬಿಡಿಬಿಡಿಯಾಗಿ ಸಿಗುತ್ತದೆ. ಒಂದು ಮಾತಿನ ಮೂಲ ಹುಡುಕುವಾಗ ಮೊದಲು ಮಾಡಬೇಕಾದ್ದು ಇದನ್ನೇ, ಅಕ್ಕಪಕ್ಕದ ಭಾಷೆಯನ್ನು ಕೇಳುವುದು. ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಒಂದೇ ರೂಪದ ಬೇರೆ ಬೇರೆ ಮಾತುಗಳಿಗೆ ಬೇರೆ ಬೇರೆ ಸಂಖ್ಯೆ ಕೊಟ್ಟಿದ್ದಾರೆ. ಜೊತೆಗೆ ತಮಿಳಿನಲ್ಲಿ ಏನು, ತೆಲುಗಿನಲ್ಲಿ ಏನು ಅಂತಲೂ ಹೇಳುತ್ತಾ ಹೋಗುತ್ತಾರೆ. ರಜೆಯಲ್ಲಿ ಬಾ, ಇಬ್ಬರೂ ಕೂತು ಪುಟ ತಿರುವೋಣ.

ಇನ್ನೊಂದು ವಿಷಯ. ರೂಪ ಒಂದೇ ಆದರೂ ನಾವು ಯಾರೂ ಈ ಎರಡನ್ನು ಬೆರೆಸುವುದಿಲ್ಲ, ಗಮನಿಸಿದ್ದೀಯಾ? ಬಾಗಿಲಿನದು ಬೀಗಗಳು, ಮನುಷ್ಯರು ಬೀಗರು. ಬೀಗಕ್ಕೆ ಎಣ್ಣೆ ಬಿಡುತ್ತೇವೆ, ಬೀಗನಿಗೆ ಮಾತು ಕೊಡುತ್ತೇವೆ. ಬಾಲದಲ್ಲೇ ಗೊತ್ತಾಗುತ್ತದೆ ಯಾವುದು ಯಾವುದು ಅಂತ. "ಬೀಗರು ಬೀಗ ತೆಗೆದು ಬೀಗಿದರು" ಅಂತ ಹೇಳಿ ನೋಡು. ಮೂರೂ ಒಂದೇ ಸಾಲಿನಲ್ಲಿವೆ, ಆದರೂ ಯಾರಿಗೂ ಗೊಂದಲ ಆಗುವುದಿಲ್ಲ.

ಬೀಗರು ಅನ್ನುವ ಮಾತಿನ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಅದು ನನಗೆ ತುಂಬಾ ಇಷ್ಟ. ನೀನು ಅಕ್ಕನ ಮಾವನಿಗೆ ಬೀಗರೇ ಅನ್ನುವ ಹಾಗಿಲ್ಲ. ಅಕ್ಕನೂ ಅನ್ನುವ ಹಾಗಿಲ್ಲ, ಅವಳಿಗೆ ಅವರು ಮಾವ. ಅದು ನಿನ್ನ ಅಪ್ಪ ಅಮ್ಮನಿಗೂ ಅಕ್ಕನ ಅತ್ತೆ ಮಾವನಿಗೂ ನಡುವೆ ಇರುವ ಸಂಬಂಧ. ಮಕ್ಕಳು ಮದುವೆಯಾದಾಗ ಹೆತ್ತವರಿಗೆ ಸಿಗುವ ಹೊಸ ಸಂಬಂಧ. ಇಂಗ್ಲಿಷಿನಲ್ಲಿ ಇದಕ್ಕೆ ಎಲ್ಲರ ಬಾಯಲ್ಲೂ ಇರುವ ಒಂದು ಮಾತಿಲ್ಲ, ಮಗಳ ಮಾವ, ಮಗನ ಮಾವ ಅಂತ ಸುತ್ತಿ ಹೇಳಬೇಕು. ನಮಗೆ ಎರಡೇ ಅಕ್ಷರ ಸಾಕು.

ಅದಕ್ಕಿಂತ ಚೆಂದದ್ದು ಇನ್ನೊಂದಿದೆ. ಸಂಬಂಧದ ಮಾತುಗಳನ್ನು ಒಂದೊಂದಾಗಿ ನೆನಪು ಮಾಡಿಕೊ. ನಾನು ಅವನಿಗೆ ಮಾವ ಅಂದರೆ ಅವನು ನನಗೆ ಅಳಿಯ. ಈ ಕಡೆ ಅತ್ತೆ, ಆ ಕಡೆ ಸೊಸೆ. ಅಜ್ಜ, ಮೊಮ್ಮಗ. ಒಬ್ಬರು ಮೇಲೆ, ಒಬ್ಬರು ಕೆಳಗೆ. ಬೀಗರು ಹಾಗಲ್ಲ. ನಾನು ನಿಮಗೆ ಬೀಗ, ನೀವೂ ನನಗೆ ಬೀಗರೇ. ಹೆಣ್ಣಿನ ಕಡೆಯವರಿಗೂ ಅದೇ ಮಾತು, ಗಂಡಿನ ಕಡೆಯವರಿಗೂ ಅದೇ ಮಾತು. ಷಡ್ಡಕರು, ವಾರಗಿತ್ತಿಯರು ಕೂಡ ಹೀಗೇ, ಎರಡು ಕಡೆಯಿಂದಲೂ ಒಂದೇ ಹೆಸರು. ನಡವಳಿಕೆಯಲ್ಲಿ ಗಂಡಿನ ಕಡೆಯವರು ಒಂದು ಕೈ ಮೇಲೆ ಅನ್ನುವುದನ್ನು ನಾನು ಬಹಳ ನೋಡಿದ್ದೇನೆ, ಬಹಳ ನೊಂದೂ ಇದ್ದೇನೆ. ಮಾತಿನಲ್ಲಿ ಆ ಏರುತಗ್ಗು ಇಲ್ಲವೇ ಇಲ್ಲ. ಯಾರೇ ಆಗಲಿ ಬೀಗರ ಮುಂದೆ ದೊಡ್ಡಸ್ತಿಕೆ ತೋರಿಸುವಾಗ ಇದನ್ನು ನೆನೆಸಿಕೊಳ್ಳಲಿ ಅಂತ ನನ್ನ ಆಸೆ.

ನೆಂಟರು ಅನ್ನುವುದು ಬೇರೆ. ಅದರಲ್ಲಿ ಇರುವುದು ನಂಟು. ಹಳಗನ್ನಡದಲ್ಲಿ ನಣ್ಪು ಅಂದರೆ ಸ್ನೇಹ, ಪ್ರೀತಿ. ನೆಂಟ ಅನ್ನುವ ಮಾತು ಅದರ ಬಳಗದ್ದು. ಬೀಗರೆಲ್ಲ ನೆಂಟರು, ನೆಂಟರೆಲ್ಲ ಬೀಗರಲ್ಲ.

ಮತ್ತೆ ಬಾಗಿಲ ಹತ್ತಿರ ಬರೋಣ. ಅತ್ತಿಗೆ ಕೆಳಗೆ ಕೇಳಿದ್ದರು, ಬೀಗದ ಕೈ ಅನ್ನುವುದರಲ್ಲಿ ಕೈ ಯಾಕೆ ಅಂತ. ನಾನು ಚಿಕ್ಕವಳಿದ್ದಾಗ ಅಜ್ಜಿ ಟ್ರಂಕಿನ ಮುಂದೆ ಕೂತು "ಕೈ ಕೊಡೇ" ಅನ್ನುತ್ತಿದ್ದರು. ನಾನು ನನ್ನ ಕೈ ಚಾಚುತ್ತಿದ್ದೆ. ಅಜ್ಜಿ ಅದನ್ನು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಗೋಡೆಯ ಮೊಳೆ ತೋರಿಸುತ್ತಿದ್ದರು. ಗೊಂಚಲು ಅಲ್ಲಿ ತೂಗುತ್ತಿತ್ತು. ಕಬ್ಬಿಣದ ದೊಡ್ಡ ಬೀಗದ ಕೈ, ಹಿಡಿಯಲ್ಲಿ ಒಂದು ಬಳೆ, ಉದ್ದನೆಯ ತೋಳು, ತುದಿಯಲ್ಲಿ ಎರಡು ಮೂರು ಬೆರಳಿನ ಹಾಗೆ ಹಲ್ಲು. ನೋಡಿದರೆ ಕೈಯೇ. ಮನುಷ್ಯನ ಕೈ ಹೋಗದ ಕಿಂಡಿಯೊಳಗೆ ಅದು ಹೋಗುತ್ತದೆ, ಒಳಗಿನದನ್ನು ಹಿಡಿದು ತಿರುಗಿಸುತ್ತದೆ. ಟಕ್ ಅಂತ ಸದ್ದಾಗಿ ಕೊಂಡಿ ಮೇಲೆ ಹಾರುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ಸರಿಯಾದ ಹೆಸರು ಇನ್ನೊಂದಿಲ್ಲ.

ಆ ಕೊಂಡಿಯನ್ನೂ ಬಿಡಬೇಡಿ. ಬೀಗದ ಕೊಂಡಿ, ಚೇಳಿನ ಕೊಂಡಿ, ಈಗ ನಾವು ಗುಂಪಿನಲ್ಲಿ ದಿನಾ ಒತ್ತುವ ಲಿಂಕಿಗೂ ಕನ್ನಡದಲ್ಲಿ ಕೊಂಡಿ. ಬಾಗಿದ ತುದಿ, ಸಿಕ್ಕಿಸಿಕೊಳ್ಳುವ ತುದಿ ಎಲ್ಲಿದ್ದರೂ ಅದು ಕೊಂಡಿ.

ಉತ್ತರ ಕರ್ನಾಟಕದ ಕಡೆ ಬೀಗಕ್ಕೆ ಕೀಲಿ ಅನ್ನುತ್ತಾರೆ, ಬೀಗದ ಕೈಗೆ ಕೀಲಿಕೈ. ಅದು ಕೀಲು ಅನ್ನುವುದರಿಂದ. ಸಂಸ್ಕೃತದ ಕೀಲ ಅಂದರೆ ಗೂಟ, ಮೊಳೆ. ಮೈಯಲ್ಲಿ ಕೀಲುನೋವು, ಬಂಡಿಗೆ ಹಾಕುವ ಕೀಲೆಣ್ಣೆ, ಆಟದ ಕೀಲುಗೊಂಬೆ, ಕಂಪ್ಯೂಟರಿನ ಕೀಲಿಮಣೆ, ಎಲ್ಲ ಅದರ ಮಕ್ಕಳು. ಒಳಗಿನಿಂದ ಹಾಕುವ ಅಗುಳಿ ಬೇರೆ, ಅದು ಸಂಸ್ಕೃತದ ಅರ್ಗಳ. ಚಾವಿ ಇನ್ನೂ ದೂರದಿಂದ ಬಂದದ್ದು. ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆಗೆ ಬಂದರು, 1510ರಲ್ಲಿ ಗೋವಾ ಹಿಡಿದರು. ಅವರ ಚಾವೆ ನಮ್ಮ ಚಾವಿ. ಅಲಮಾರು, ಬಾಲ್ದಿ ಕೂಡ ಅವರಿಂದಲೇ ಬಂದವು. ಈಗ ಲಾಕ್ ಬಂದಿದೆ. ಒಂದು ಕದದ ಮುಂದೆ ನಿಂತು ಇಷ್ಟು ಭಾಷೆಗಳನ್ನು ಮುಟ್ಟಬಹುದು ನೋಡಿ. ಅದಕ್ಕೇ, ಲಾಕ್ ಅಂದವರನ್ನು ನಾನು ಬೈಯುವುದಿಲ್ಲ. ಜೊತೆಗೆ ಬೀಗ ಅನ್ನುವುದೂ ಮಕ್ಕಳ ಬಾಯಲ್ಲಿ ಉಳಿಯಲಿ, ಅಷ್ಟೇ.

ಭಾವ, ನೀವು ಹೇಳಿದ ಎರಡು ಮನೆಯ ಬೀಗದ ಮಾತು ಚೆನ್ನಾಗಿಯೇ ಇದೆ. ಮದುವೆ ಮನೆಯಲ್ಲಿ ಹರಸುವಾಗ ಹೇಳಿ, ಎಲ್ಲರಿಗೂ ಹಿಡಿಸುತ್ತದೆ. ಮೂಲ ಕೇಳಿದ ಮಗುವಿಗೆ ಮಾತ್ರ ಮೂಲವನ್ನೇ ಹೇಳೋಣ.

ಪುಟ್ಟೀ, ಕೊನೆಗೆ ನೀನು ಕೇಳಿದ್ದು, ಬೀಗಿತಿ ಸರಿಯೋ ಬೀಗತಿ ಸರಿಯೋ ಅಂತ. ಎರಡೂ ಜನರ ಬಾಯಲ್ಲಿ ಇವೆ, ಎರಡೂ ಸರಿ. ನಿಮ್ಮ ಮನೆಯಲ್ಲಿ ಯಾವುದು ಕೇಳಿ ಬೆಳೆದೆಯೋ ಅದನ್ನೇ ಬರೆ. ಉಳಿದವರೂ ಸುಮ್ನೆ ಇರಬೇಡಿ. ಬೀಗದ ಕೈಗೆ ನಿಮ್ಮ ಕಡೆ ಏನಂತೀರಿ? ಕೀಲಿಕೈಯಾ, ಚಾವಿಯಾ, ಬರೀ ಕೈ ಅಂತಲಾ? ಹಿರಿಯರನ್ನು ಕೇಳಿ, ಅವರ ದನಿಯಲ್ಲೇ ಕಳಿಸಿ.