ತಗ್ಗಿನ ಮಂದಿರದಿಂದ ತಾಳಮದ್ದಳೆ ಲೈವ್: ಮಾಡಿ ಗೊತ್ತಿದ್ದವರು ಹೇಳಿ

ಕೇಳಿದವರು, ಕಾಸರಗೋಡಿನ ಬದಿಯಡ್ಕ ಕಡೆಯಿಂದ:
ಪತ್ತನಾಜೆ (ಮೇ ಕೊನೆಗೆ ಯಕ್ಷಗಾನ ತಿರುಗಾಟ ಮುಗಿಯುವ ದಿನ) ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಭಜನಾ ಮಂದಿರದಲ್ಲಿ ತಾಳಮದ್ದಳೆ ಉಂಟು, ವೇಷ ಕುಣಿತ ಇಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನ. ಈ ಸಲ ಆಟಿಯಲ್ಲಿ (ಜುಲೈ-ಆಗಸ್ಟಿನ ಮಳೆಯ ತಿಂಗಳು), ಮಧ್ಯಾಹ್ನ ಎರಡಕ್ಕೆ ಸುರುವಾಗಿ ಐದು ತಾಸು. ಊರಿನವರು ತುಂಬ ಜನ ಗಲ್ಫಿನಲ್ಲಿ, ಮುಂಬೈಯಲ್ಲಿ ಇದ್ದಾರೆ, ಲೈವ್ ಬೇಕು ಎನ್ನುತ್ತಾರೆ. ಮಂದಿರ ಇರುವುದು ಅಡಿಕೆ ತೋಟದ ತಗ್ಗಿನಲ್ಲಿ, ಮೊಬೈಲಿಗೆ ಎರಡು ಕಡ್ಡಿ ಸಿಕ್ಕಿದರೆ ಹೆಚ್ಚು. ಮಾಡು (ಛಾವಣಿ) ತಗಡಿನದ್ದು. ಇರುವುದು ಒಂದು ಲ್ಯಾಪ್‌ಟಾಪ್, ಒಂದು ಒಳ್ಳೆಯ ಫೋನು, ಮೈಕಿನವರ ಮಿಕ್ಸರು. ಲೈವ್ ಕೊಟ್ಟರೆ ಸಭೆಗೆ ಜನ ಬರುವುದಿಲ್ಲ ಎಂದು ಹಿರಿಯರ ತಕರಾರು ಬೇರೆ. ಎಂತ ಮಾಡುವುದು?

ಪೆರ್ಲದಿಂದ:
ಸ್ಪೀಡ್ ಟೆಸ್ಟಿನಲ್ಲಿ ಎಲ್ಲರೂ ಡೌನ್‌ಲೋಡ್ ನೋಡಿ ಖುಷಿಪಡುತ್ತಾರೆ. ನಿಮಗೆ ಬೇಕಾದ್ದು ಅಪ್‌ಲೋಡ್. ಕಾರ್ಯಕ್ರಮದ ವಾರವೇ, ಅದೇ ಹೊತ್ತಿಗೆ, ಮಂದಿರದ ಒಳಗೇ ನಿಂತು ಹತ್ತು ನಿಮಿಷಕ್ಕೊಮ್ಮೆ ಮೂರು ಸಲ ನೋಡಿ. ಮೂರರಲ್ಲಿ ಕಡಿಮೆ ಬಂದದ್ದೇ ನಿಮ್ಮ ಲೆಕ್ಕ. ಕಳುಹಿಸುವ ಬಿಟ್‌ರೇಟಿನ (ಸೆಕೆಂಡಿಗೆ ಹೋಗುವ ಡೇಟಾದ) ಎರಡರಷ್ಟು ಇರಬೇಕು, ಯಾಕೆಂದರೆ ಸಭೆ ಸೇರಿದ ಮೇಲೆ ಇನ್ನೂರು ಫೋನುಗಳು ಅದೇ ಟವರಿಗೆ ಜೋತುಬೀಳುತ್ತವೆ.

ತಾಳಮದ್ದಳೆಯಲ್ಲಿ ಅರ್ಥಧಾರಿಗಳು (ಪಾತ್ರದ ಮಾತಾಡುವವರು) ಕೂತಲ್ಲೇ ಕೂತಿರುತ್ತಾರೆ, ಚಿತ್ರ ಹೆಚ್ಚು ಕದಲುವುದಿಲ್ಲ. ಹಾಗಾಗಿ 720ಪಿ, ಸೆಕೆಂಡಿಗೆ 30 ಫ್ರೇಮು, 2000 ಕೆಬಿಪಿಎಸ್ ಧಾರಾಳ ಸಾಕು. ಬಯಲಾಟದ ಧೀಂಗಿಣಕ್ಕಾದರೆ (ಗಿರಗಿರ ತಿರುಗುವ ಕುಣಿತ) 4000 ಬೇಕಾಗ್ತದೆ. 1080ರ ಆಸೆ ಬಿಡಿ. ಧ್ವನಿಗೆ 128 ಸೇರಿಸಿದರೆ ಗಂಟೆಗೆ ಸುಮಾರು 960 ಎಂಬಿ, ಐದು ಗಂಟೆಗೆ 4.8 ಜಿಬಿ. ದಿನಕ್ಕೆ 2 ಜಿಬಿಯ ಸಿಮ್ ಹಾಕಿ ಕೂತರೆ ಎರಡು ತಾಸು ಕಳೆಯುತ್ತಲೇ ವೇಗ 64 ಕೆಬಿಪಿಎಸ್‌ಗೆ ಇಳಿದು ಲೈವ್ ಕಡಿಯುತ್ತದೆ. ಪೀಠಿಕೆ ಮುಗಿದು ಸಂವಾದ ಕಾವೇರುವುದೂ ಸರಿಯಾಗಿ ಆ ಹೊತ್ತಿಗೇ.

ತಗ್ಗಿನಲ್ಲಿ ಮೊಬೈಲನ್ನು ನಂಬುವ ಬದಲು ಹತ್ತಿರದ ಮನೆಯ ಫೈಬರ್ ಕನೆಕ್ಷನ್ನಿಂದ ಕ್ಯಾಟ್-6 ನೆಟ್‌ವರ್ಕ್ ತಂತಿ ಎಳೆಯಿರಿ, ವೈಫೈ ಬೇಡ. ಕರೆಂಟು ಹೋದಾಗ ಮಂದಿರದ ಜನರೇಟರ್ ಆ ಮನೆಯ ರೂಟರಿಗೆ ಹೋಗುವುದಿಲ್ಲ, ಅದನ್ನು ಮರೆತು ಕೆಟ್ಟವರೇ ಹೆಚ್ಚು. ಫೈಬರ್ ಪೆಟ್ಟಿಗೆಗೂ ರೂಟರಿಗೂ 12 ವೋಲ್ಟಿನ ಸಣ್ಣ ಯುಪಿಎಸ್ ಇಡಿ. ಗುಡುಗು ಹತ್ತಿರ ಬರುವ ಮೊದಲೇ ಹೊರಗಿನ ತಂತಿಯನ್ನು ಎರಡೂ ತುದಿಯಲ್ಲಿ ಕಳಚಿ, ಲೈವ್ ಹೋದರೂ ಚಿಂತೆ ಇಲ್ಲ.

ಯೂಟ್ಯೂಬ್ ಚಾನೆಲ್ಲಿನ ಕೆಲಸ ಮೂರು ದಿನ ಮೊದಲೇ ಮುಗಿಸಿ. ಫೋನ್ ನಂಬರು ದೃಢೀಕರಿಸಿ ಲೈವ್ ಕೇಳಿಕೊಂಡ ಮೇಲೆ ಅದು ತೆರೆಯಲು 24 ಗಂಟೆವರೆಗೆ ಹಿಡಿಯಬಹುದು. ಮೊಬೈಲ್ ಆ್ಯಪಿನಿಂದ ನೇರ ಲೈವ್ ಹೋಗಲು 50 ಚಂದಾದಾರರು ಬೇಕು; ಲ್ಯಾಪ್‌ಟಾಪಿನಲ್ಲಿ ಓಬಿಎಸ್ (ಲೈವ್ ಕಳುಹಿಸುವ ಉಚಿತ ಸಾಫ್ಟ್‌ವೇರ್) ಹಾಕಿದರೆ ಆ ತೊಂದರೆ ಇಲ್ಲ. ಓಬಿಎಸ್‌ನಲ್ಲಿ ಸಿಬಿಆರ್ (ಬಿಟ್‌ರೇಟ್ ಒಂದೇ ಸಮ), ಕೀಫ್ರೇಮ್ 2 ಸೆಕೆಂಡು. ಯೂಟ್ಯೂಬ್ ಸ್ಟುಡಿಯೋದಲ್ಲಿ ಲೇಟೆನ್ಸಿ (ನೋಡುವವರಿಗೆ ತಲುಪುವ ತಡ) ನಾರ್ಮಲ್ ಇರಲಿ. ಆಟೋ-ಸ್ಟಾಪ್ ಆಫ್ ಮಾಡಿ, ಆಗ ನೆಟ್ ಕಡಿದು ಬಂದರೂ ಅದೇ ಲಿಂಕ್ ಮುಂದುವರಿಯುತ್ತದೆ. ಆನ್ ಇದ್ದರೆ ಲೈವ್ ಮುಗಿದೇ ಹೋಗಿ ಹೊಸ ಲಿಂಕ್ ಹಂಚಬೇಕಾಗ್ತದೆ. ಜೊತೆಗೇ ಲ್ಯಾಪ್‌ಟಾಪಿನಲ್ಲೂ ರೆಕಾರ್ಡ್ ಆಗುತ್ತಿರಲಿ.

ಮುಳ್ಳೇರಿಯದಿಂದ, ಮೈಕಿನ ಕೆಲಸ:
ಚಿತ್ರ ಮಂಕಾದರೂ ಜನ ಕೂತು ಕೇಳ್ತಾರೆ, ಪದ ಕೇಳದಿದ್ದರೆ ಎರಡು ನಿಮಿಷಕ್ಕೆ ಎದ್ದುಹೋಗ್ತಾರೆ. ಮಾತಿನ ಕಲೆ ಇದು ಮಾರಾಯ್ರೆ, ಫೋನನ್ನು ಬಾಕ್ಸಿನ ಎದುರು ಇಟ್ಟು ಲೈವ್ ಮಾಡಬೇಡಿ.

ಮಿಕ್ಸರಿನ ಮೇನ್ ಔಟ್ ತಗೊಂಡರೆ ಏನಾಗ್ತದೆ ಎಂದರೆ, ಚೆಂಡೆ ಸಭೆಗೆ ತಾನಾಗಿಯೇ ಕೇಳುವುದರಿಂದ ಮೈಕಿನವರು ಅದಕ್ಕೆ ಮೈಕು ಇಟ್ಟಿರುವುದಿಲ್ಲ, ಇಟ್ಟರೂ ಇಳಿಸಿರುತ್ತಾರೆ. ಲೈವಿನಲ್ಲಿ ಚೆಂಡೆ ಪಕ್ಕದ ಊರಿನಲ್ಲಿ ಬಾರಿಸಿದ ಹಾಗೆ ಕೇಳ್ತದೆ. ಆದ್ದರಿಂದ ಆಕ್ಸ್ ಸೆಂಡ್ (ಮಿಕ್ಸರಿನಿಂದ ಬೇರೆಯೇ ಹದದಲ್ಲಿ ಹೊರಡುವ ದಾರಿ) ತಗೊಳ್ಳಿ, ಪ್ರೀ-ಫೇಡರ್ ಮಾಡಿಸಿ; ಸಭೆಯ ಧ್ವನಿ ಏರಿಸಿದರೂ ಇಳಿಸಿದರೂ ನಿಮ್ಮ ಲೈವಿಗೆ ಸೋಂಕುವುದಿಲ್ಲ. ಆ ಆಕ್ಸಿನಲ್ಲಿ ಪದ ಹಾಡುವ ಭಾಗವತರು ಮತ್ತು ಅರ್ಥಧಾರಿಗಳು ಮುಂದೆ, ಮದ್ದಳೆ ಒಂದು ಮೆಟ್ಟಿಲು ಕೆಳಗೆ, ಚೆಂಡೆಗೆ ಮೂರಡಿ ದೂರದಲ್ಲಿ ಒಂದು ಮೈಕು ಇಟ್ಟು ಚೂರೇ ಚೂರು.

ಆಕ್ಸಿನ ಪಿ-38 (ಕಾಲಿಂಚಿನ ದಪ್ಪ) ಪಿನ್ನಿನಿಂದ ಯುಎಸ್‌ಬಿ ಆಡಿಯೋ ಇಂಟರ್‌ಫೇಸಿನ ಲೈನ್ ಇನ್‌ಗೆ ಕೊಡಿ. ಇಪಿ (ಇಯರ್‌ಫೋನಿನ ಸಣ್ಣ) ಪಿನ್ ಹಾಕಿ ಲ್ಯಾಪ್‌ಟಾಪಿನ ಮೈಕ್ ತೂತಿಗೆ ನೇರ ಚುಚ್ಚಿದರೆ ಧ್ವನಿ ಒಡೆದು ಬರ್ತದೆ, ಲೈನ್ ಮಟ್ಟದ ಸಿಗ್ನಲನ್ನು ಮೈಕಿನ ತೂತು ತಡೆದುಕೊಳ್ಳುವುದಿಲ್ಲ. ಗುಂಯ್ ಎಂದು ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಒಮ್ಮೆ ಕಳಚಿ ನೋಡಿ. ಸದ್ದು ನಿಂತರೆ ಅರ್ಥಿಂಗಿನ ತೊಂದರೆ: ಚಾರ್ಜರನ್ನು ಮಿಕ್ಸರ್ ಇರುವ ಬೋರ್ಡಿಗೇ ಹಾಕಿ, ಆಗಲೂ ಹೋಗದಿದ್ದರೆ ಧ್ವನಿಯ ತಂತಿಯ ನಡುವೆ ಆಡಿಯೋ ಐಸೊಲೇಟರ್ ಬೇಕು.

ಓಬಿಎಸ್‌ನ ಮೀಟರಿನಲ್ಲಿ ಮಾತು ಹಳದಿಯಲ್ಲಿ ಆಡುತ್ತಿರಲಿ, ಚೆಂಡೆಯ ಬಿಡ್ತಿಗೆಗಳು ಬಂದಾಗಲೂ ಕೆಂಪಿಗೆ ಅಂಟಿ ನಿಲ್ಲಬಾರದು. ಧ್ವನಿ ಮಿತಿ ದಾಟದ ಹಾಗೆ ತಡೆಯುವ ಲಿಮಿಟರ್ ಫಿಲ್ಟರ್ ಒಂದು ಹಾಕಿ. ಲ್ಯಾಪ್‌ಟಾಪಿನ ಒಳಮೈಕ್ ಮ್ಯೂಟ್ ಮಾಡಲು ಮರೆತರೆ ಎಲ್ಲ ಎರಡೆರಡು ಸಲ ಕೇಳುತ್ತದೆ.

ಇನ್ನು ನಿಮ್ಮ ತಗಡಿನ ಮಾಡು. ಆಟಿಯ ಮಳೆ ಹೊಡೆದರೆ ತೆರೆದಿಟ್ಟ ಒಂದೊಂದು ಮೈಕೂ ಮಳೆಯನ್ನೇ ಹಿಡಿಯುತ್ತದೆ. ಮಾತಾಡದವರ ಮೈಕನ್ನು ಆ ಕ್ಷಣವೇ, ಲೈವಿನ ಆಕ್ಸಿನಲ್ಲೂ, ಇಳಿಸುವವರು ಮಿಕ್ಸರಿನಲ್ಲಿ ಕೂತಿರಬೇಕು, ಚಹಾಕ್ಕೆ ಎದ್ದು ಹೋಗುವವರಾದರೆ ಆಗಲಿಕ್ಕಿಲ್ಲ. ಬಾಯಿಗೂ ಮೈಕಿಗೂ ನಾಲ್ಕು ಬೆರಳು ಅಂತರ. ಮಾತಿನ ಮೈಕಿಗೆ ಲೋ-ಕಟ್ (ತೀರ ತಗ್ಗು ಸದ್ದು ಕತ್ತರಿಸುವ ಬಟನ್) ಒತ್ತಿ, ಮದ್ದಳೆಯದ್ದಕ್ಕೆ ಒತ್ತಬೇಡಿ.

ಫೋನನ್ನು ಕ್ಯಾಮೆರಾ ಮಾಡುವುದಾದರೆ ಯುಎಸ್‌ಬಿ ತಂತಿಯಲ್ಲಿ ಜೋಡಿಸಿ ಫ್ಲೈಟ್ ಮೋಡಿಗೆ ಹಾಕಿ. ಒಮ್ಮೆ ಕೈ ಚಪ್ಪಾಳೆ ತಟ್ಟಿ ರೆಕಾರ್ಡ್ ನೋಡಿ: ಚಿತ್ರ ಹಿಂದೆ ಬಿದ್ದಿದ್ದರೆ ಓಬಿಎಸ್‌ನ ಸಿಂಕ್ ಆಫ್‌ಸೆಟ್‌ನಲ್ಲಿ ಧ್ವನಿಯನ್ನು ಅಷ್ಟೇ ಮಿಲಿಸೆಕೆಂಡು ತಡ ಮಾಡಿ.

ದುಬೈಯಿಂದ:
ದಿನ ಗೊತ್ತು ಮಾಡುವಾಗ ಶನಿವಾರ ಆದೀತೋ ನೋಡಿ. ಯುಎಇಗೆ ಶನಿ-ಭಾನು ರಜೆ, ಕುವೈತ್, ಕತಾರ್, ಸೌದಿಗೆ ಶುಕ್ರ-ಶನಿ. ಭಾನುವಾರ ಇಟ್ಟರೆ ಅಲ್ಲಿನವರು ಕೆಲಸದಲ್ಲಿರುತ್ತಾರೆ. ಊರಿನ ಎರಡು ಗಂಟೆ ಎಂದರೆ ಇಲ್ಲಿ ಹನ್ನೆರಡೂವರೆ, ಅಲ್ಲಿ ಹನ್ನೊಂದೂವರೆ. ಮೊದಲೇ ಷೆಡ್ಯೂಲ್ ಮಾಡಿ ಲಿಂಕ್ ಕಳಿಸಿ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ ಕಳಿಸಿದರೆ ನಿಮ್ಮ ನಂಬರು ಸೇವ್ ಮಾಡಿಕೊಂಡವರಿಗೆ ಮಾತ್ರ ಮುಟ್ಟುತ್ತದೆ, ಅದೂ 256 ಜನರವರೆಗೆ. ಅಡ್ಮಿನ್ ಮಾತ್ರ ಬರೆಯುವ ಗ್ರೂಪ್ ಒಳ್ಳೆಯದು, 1024 ಜನ ಹಿಡಿಸ್ತಾರೆ, ಗುಡ್ ಮಾರ್ನಿಂಗ್ ಹೂವಿನ ನಡುವೆ ಲಿಂಕ್ ಕಳೆದುಹೋಗುವುದಿಲ್ಲ. ಫೇಸ್‌ಬುಕ್ಕಿನಲ್ಲಿ ಮಾತ್ರ ಲೈವ್ ಮಾಡಿ ಬಿಡಬೇಡಿ, 2025ರಿಂದ ಅಲ್ಲಿ ಲೈವ್ ವಿಡಿಯೋ 30 ದಿನಕ್ಕೆ ಅಳಿಯುತ್ತದೆ.

ನೀರ್ಚಾಲಿನಿಂದ:
ಹಿರಿಯರ ತಕರಾರಿಗೆ ದಾರಿ ಉಂಟು. ವಿಡಿಯೋವನ್ನು ಅನ್‌ಲಿಸ್ಟೆಡ್ (ಲಿಂಕ್ ಇದ್ದವರಿಗೆ ಮಾತ್ರ ಕಾಣುವ ಹಾಗೆ) ಇಟ್ಟು ದೂರದವರ ಗ್ರೂಪಿಗೆ ಮಾತ್ರ ಲಿಂಕ್ ಕೊಡಿ, ಊರೊಳಗೆ ಆಮಂತ್ರಣ ಪತ್ರಿಕೆಯೇ ಹೋಗಲಿ. ಲಿಂಕ್ ಯಾರೋ ಒಬ್ಬರು ದಾಟಿಸಿಯೇ ದಾಟಿಸ್ತಾರೆ, ಆದರೂ ಹಿರಿಯರಿಗೆ ಒಂದು ಸಮಾಧಾನ. ಕಲಾವಿದರು ಒಪ್ಪಿದರೆ ಮರುದಿನ ಪಬ್ಲಿಕ್ ಮಾಡಿ.

ಒಪ್ಪಿಗೆಯನ್ನು ವೀಳ್ಯ ಕೊಟ್ಟು ಕರೆಯುವಾಗಲೇ ಕಲಾವಿದರಲ್ಲಿ ಕೇಳಬೇಕು, ವೇದಿಕೆ ಏರಿದ ಮೇಲಲ್ಲ. ಪ್ರದರ್ಶಕರಿಗೆ ಕಾಯ್ದೆಯಲ್ಲೇ ಹಕ್ಕುಂಟು. ಪ್ರಸಂಗ (ಹಾಡುವ ಪದ್ಯಗಳ ಕೃತಿ) ಹೊಸದಾದರೆ ಕವಿಯದ್ದೂ ಒಪ್ಪಿಗೆ ಬೇಕು. ಕವಿ ತೀರಿ 60 ವರ್ಷ ಕಳೆದಿದ್ದರೆ ಪದ್ಯಗಳಿಗೆ ತಡೆ ಇಲ್ಲ. ಕಾರ್ಯಕ್ರಮಕ್ಕೆ ಮೊದಲು ಮೈಕಿನವರು ಹಾಕುವ ಸಿನಿಮಾ ಹಾಡು ಲೈವಿಗೆ ನುಗ್ಗಿದರೆ ಯೂಟ್ಯೂಬ್ ನಡುವೆಯೇ ಪ್ರಸಾರ ನಿಲ್ಲಿಸಬಹುದು. ಭಾಗವತರ ಮೊದಲ ಸ್ತುತಿವರೆಗೆ ಧ್ವನಿ ಮ್ಯೂಟ್ ಇರಲಿ.

ನಿಜವಾದ ತಲೆಬಿಸಿ ತುಣುಕುಗಳದ್ದು. ಕೃಷ್ಣ ಸಂಧಾನ ಪ್ರಸಂಗದಲ್ಲಿ ಕೌರವನಾಗಿ ಕೂತವರು ಕೃಷ್ಣನನ್ನು ಹಳಿಯಲೇಬೇಕು, ಅದೇ ಅವರ ಅರ್ಥಗಾರಿಕೆ. ಐದು ತಾಸು ಕೂತು ಕೇಳಿದ ಸಭೆಗೆ ಅದು ಪಾತ್ರದ ಮಾತು ಎಂದು ಗೊತ್ತು. ಅದೇ ಮಾತನ್ನು 30 ಸೆಕೆಂಡು ಕತ್ತರಿಸಿ ಸ್ಟೇಟಸ್ಸಿಗೆ ಹಾಕಿದರೆ ಕಲಾವಿದರ ಸ್ವಂತ ಅಭಿಪ್ರಾಯ ಆಗಿಬಿಡುತ್ತದೆ, ಸಂಜೆಯೊಳಗೆ ಜಗಳ. ಸ್ಟುಡಿಯೋದಲ್ಲಿ ಶಾರ್ಟ್ಸ್ ರಿಮಿಕ್ಸ್ ಆಫ್ ಮಾಡಿ. ಸ್ಕ್ರೀನ್ ರೆಕಾರ್ಡ್ ತಡೆಯಲು ಆಗುವುದಿಲ್ಲ, ಆದ್ದರಿಂದ ಓಬಿಎಸ್‌ನಲ್ಲಿ ‘ತಾಳಮದ್ದಳೆ, ಪಾತ್ರ: ಕೌರವ’ ಎಂದು ಒಂದು ಪಟ್ಟಿ ಹಾಕಿ, ಮಾತಾಡುವವರು ಬದಲಾದ ಹಾಗೆ ಪಾತ್ರದ ಹೆಸರೂ ಬದಲಾಗಲಿ. ಪಟ್ಟಿ ಮೂಲೆಯಲ್ಲಿ ಇರಬಾರದು. ಅಡ್ಡ ವಿಡಿಯೋವನ್ನು ಉದ್ದ ಕತ್ತರಿಸುವಾಗ ಸಾಮಾನ್ಯವಾಗಿ ನಡುವಿನ ಮೂರನೇ ಒಂದು ಪಾಲು ಮಾತ್ರ ಉಳಿಯುವುದು, ಪಟ್ಟಿ ಕೆಳಗೆ ನಡುಮಧ್ಯದಲ್ಲಿ ಆ ಅಗಲದೊಳಗೆ ಹಿಡಿಸಬೇಕು.

ಲೈವ್ ಚಾಟಿಗೆ ಒಬ್ಬರನ್ನು ಕೂರಿಸಿ. ತಡೆಯುವ ಪದಗಳ ಪಟ್ಟಿಯಲ್ಲಿ ಕನ್ನಡದ ಬೈಗುಳ ಮಾತ್ರ ಬರೆದರೆ ಸಾಲದು, ತುಳು, ಮಲಯಾಳದ್ದೂ ಬೇಕು, ಅವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ್ದೂ ಬೇಕು. ದೇಣಿಗೆಯ ಕ್ಯೂಆರ್ ಹಾಕುವುದಾದರೆ ಸಮಿತಿಯ ಹೆಸರಿನ ಖಾತೆಯದ್ದೇ ಇರಲಿ. ಭಾರತದ ಪೌರರು ಹೊರಗೆ ದುಡಿದು ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರಿಂದ ಬಂದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಮುಂಚಿತ ಅನುಮತಿ ಬೇಕು.

ಕೇಳಿದವರು:
ಉಪಕಾರ. ಫೈಬರ್ ಇರುವ ಮನೆ ತೋಟದ ಆಚೆ, ಅಳೆದರೆ 130 ಮೀಟರ್ ಬರ್ತದೆ. ಒಂದೇ ತಂತಿ ಸಾಕಾದೀತೇ?

ಪೆರ್ಲದಿಂದ:
ಇಲ್ಲ, ಕ್ಯಾಟ್-6 ಲೆಕ್ಕ 100 ಮೀಟರಿಗೆ ಮುಗಿಯಿತು. ನಡುವೆ ಪಂಪ್‌ಶೆಡ್ ಇದ್ದರೆ ಅಲ್ಲಿ ಒಂದು ಐದು ಪೋರ್ಟಿನ ಸ್ವಿಚ್ ಇಟ್ಟು ಎರಡು ತುಂಡು ಮಾಡಿ. ಪಂಪಿನ ಕರೆಂಟನ್ನು ನಂಬಬೇಡಿ, ಸ್ವಿಚ್ಚಿಗೂ ಒಂದು ಸಣ್ಣ ಯುಪಿಎಸ್. ಅದು ಎಷ್ಟು ವೋಲ್ಟಿನದ್ದೆಂದು ಅಡಾಪ್ಟರಿನ ಮೇಲೆ ನೋಡಿಯೇ ತನ್ನಿ, ಸ್ವಿಚ್ಚುಗಳು ಹೆಚ್ಚಾಗಿ 5 ವೋಲ್ಟು ಇರ್ತವೆ, 12 ಕೊಟ್ಟರೆ ಸುಟ್ಟು ಹೋಗ್ತದೆ.